ದೊಡ್ಡ ಕಾರಿಗೆ ಯಾವ ಎಂಜಿನ್? ಸಿಮೆಂಟ್ ಸೀಮೆಯ ಐದು ಪಟ್ಟಣಗಳ ಲೆಕ್ಕಾಚಾರ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪಟ್ಟಣಗಳ ರಸ್ತೆಗಳಲ್ಲಿ ಸಿಮೆಂಟ್ ಲಾರಿಗಳು ಹಾಗೂ ಟಿಪ್ಪರ್‌ಗಳ ಸಾಲಿನ ನಡುವೆ ಐವತ್ತು-ಅರವತ್ತು ಲಕ್ಷ ರೂಪಾಯಿಯ ಕಾರು ಕಾಣಿಸಿಕೊಳ್ಳುವುದು ಈಗ ಅಪರೂಪವಲ್ಲ. ಸುಣ್ಣಕಲ್ಲು ಸಾಗಣೆಯ ಗುತ್ತಿಗೆದಾರರು, ಫರಸಿ ಕಲ್ಲಿನ ಗಣಿ ಮಾಲೀಕರು, ತೊಗರಿ ಬೇಳೆ ಗಿರಣಿಯವರು, ಅಡತಿ ವ್ಯಾಪಾರಿಗಳು ಮತ್ತು ವೈದ್ಯರು ಇಂತಹ ಕಾರುಗಳನ್ನು ಕೊಳ್ಳುವವರಲ್ಲಿ ಪ್ರಮುಖರು. ಯಾವ ಕಂಪನಿಯ ಕಾರು, ಯಾವ ಬಣ್ಣ ಎಂಬುದನ್ನು ಮನೆಮಂದಿಯೆಲ್ಲ ಕುಳಿತು ವಾರಗಟ್ಟಲೆ ಚರ್ಚಿಸುತ್ತಾರೆ. ಆದರೆ ಎಂಜಿನ್ ಯಾವುದಿರಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಮೊದಲೇ ಸಿದ್ಧವಾಗಿರುತ್ತದೆ: ದೊಡ್ಡ ಕಾರು ಎಂದರೆ ಡೀಸೆಲ್.

ಈ ಉತ್ತರ ಒಂದು ಕಾಲಕ್ಕೆ ಸರಿಯಾಗಿತ್ತು. ಅದನ್ನು ಸರಿಯಾಗಿಸಿದ್ದ ಲೆಕ್ಕ ಕಳೆದ ಹತ್ತು ವರ್ಷಗಳಲ್ಲಿ ಬದಲಾಗಿದೆ. ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಮತ್ತು ವಿದ್ಯುತ್ ಎಂಬ ನಾಲ್ಕು ಆಯ್ಕೆಗಳು ಎದುರಿಗಿರುವ ಈ ಹೊತ್ತಿನಲ್ಲಿ ತಪ್ಪು ಆಯ್ಕೆಯ ಬೆಲೆ ಹಲವು ಲಕ್ಷ ರೂಪಾಯಿ. ಹೊಸ ಕಾರನ್ನು ವರ್ಷದೊಳಗೆ ಮಾರಲು ಹೊರಟವರಿಗೆ ಈ ಮಾತಿನ ಅರ್ಥ ಬಹುಬೇಗ ತಿಳಿಯುತ್ತದೆ.

ಡೀಸೆಲ್ ನಂಬಿಕೆ ಹುಟ್ಟಿದ ಬಗೆ

ಡೀಸೆಲ್‌ನ ದರವನ್ನು ಸರ್ಕಾರ ನಿಯಂತ್ರಿಸುತ್ತಿದ್ದ ಕಾಲದಲ್ಲಿ ಅದು ಪೆಟ್ರೋಲಿಗಿಂತ ಬಹಳ ಅಗ್ಗವಾಗಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ದರ ನಿಯಂತ್ರಣಮುಕ್ತವಾಯಿತು. ಡೀಸೆಲ್ ಮಾತ್ರ ನಿಯಂತ್ರಣದಲ್ಲೇ ಉಳಿಯಿತು. ಪರಿಣಾಮವಾಗಿ 2012ರ ಮೇ ಅಂತ್ಯಕ್ಕೆ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದ್ದರೆ ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಲೀಟರಿಗೆ ಮೂವತ್ತು ರೂಪಾಯಿಗೂ ಹೆಚ್ಚಿನ ಅಂತರ, ಅದರ ಮೇಲೆ ಹೆಚ್ಚಿನ ಮೈಲೇಜ್. ಅಂದು ದೊಡ್ಡ ಕಾರಿಗೆ ಡೀಸೆಲ್ ಬಿಟ್ಟು ಬೇರೆ ಯೋಚನೆಯೇ ಬೇಕಿರಲಿಲ್ಲ.

2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವೂ ನಿಯಂತ್ರಣಮುಕ್ತವಾಯಿತು. ಅಂತರ ಕ್ರಮೇಣ ಕುಗ್ಗಿತು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ ದರ ಪೆಟ್ರೋಲ್ ದರವನ್ನೇ ಮೀರಿದ್ದೂ ಉಂಟು. ಅದೇ ವರ್ಷದ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಜಾರಿಗೆ ಬಂದು ಡೀಸೆಲ್ ಎಂಜಿನ್‌ಗಳಿಗೆ ದುಬಾರಿ ಶುದ್ಧೀಕರಣ ಸಾಧನಗಳನ್ನು ಅಳವಡಿಸುವುದು ಅನಿವಾರ್ಯವಾಯಿತು. ಅಗ್ಗದ ಇಂಧನ ಎಂಬ ಹಳೆಯ ಲಾಭ ಕರಗಿತು. ಎಂಜಿನ್ ಮಾತ್ರ ತುಟ್ಟಿಯಾಯಿತು.

ನಾಲ್ಕರ ಕಾರ್ಯವಿಧಾನ

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ. ಓಟ ನಯ, ಸದ್ದು ಕಡಿಮೆ, ನಿರ್ವಹಣೆ ಸರಳ. ಆದರೆ ದೊಡ್ಡ ಕಾರಿನಲ್ಲಿ ಇಂಧನ ಹೆಚ್ಚು ಬೇಕು. ಇದಲ್ಲದೆ 2025ರ ವೇಳೆಗೆ ದೇಶದ ಬಂಕ್‌ಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಗಿದೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಹಳೆಯ ದೊಡ್ಡ ಕಾರನ್ನು ಕೊಳ್ಳುವವರು ಅದು ಈ ಮಿಶ್ರಣಕ್ಕೆ ಹೊಂದುವಂತಹುದೇ ಎಂಬುದನ್ನು ಕಂಪನಿಯ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಒಳಿತು.

ಡೀಸೆಲ್ ಎಂಜಿನ್‌ನಲ್ಲಿ ಕಿಡಿಯ ಅಗತ್ಯವಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಉಂಟಾಗುವ ಶಾಖವೇ ಇಂಧನವನ್ನು ಹೊತ್ತಿಸುತ್ತದೆ. ಕಡಿಮೆ ವೇಗದಲ್ಲೂ ಎಳೆಯುವ ಬಲ ಹೆಚ್ಚು, ದೂರದ ಓಟಕ್ಕೆ ಮೈಲೇಜ್ ಉತ್ತಮ. ಹೊಗೆಯಲ್ಲಿನ ಮಸಿಯನ್ನು ಹಿಡಿಯಲು ಒಂದು ಫಿಲ್ಟರ್ ಇರುತ್ತದೆ. ಅನೇಕ ದೊಡ್ಡ ಕಾರುಗಳಲ್ಲಿ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸಲು ಆಡ್‌ಬ್ಲೂ ಎಂದು ಕರೆಯುವ ಯೂರಿಯಾ ದ್ರಾವಣವನ್ನೂ ಬೇರೆ ಟ್ಯಾಂಕಿಗೆ ತುಂಬಿಸಬೇಕು. ಅದು ಪೂರ್ತಿ ಬರಿದಾದರೆ ಎಂಜಿನ್ ಮತ್ತೆ ಚಾಲೂ ಆಗದಂತೆ ವ್ಯವಸ್ಥೆ ಇರುತ್ತದೆ. ಲಾರಿಗಳೇ ಹೆಚ್ಚಿರುವ ಈ ಭಾಗದಲ್ಲಿ ಆಡ್‌ಬ್ಲೂ ಸಿಗುವುದು ಕಷ್ಟವಲ್ಲ ಎಂಬುದು ಸಮಾಧಾನದ ಸಂಗತಿ.

ಹೈಬ್ರಿಡ್ ಎಂದರೆ ಎಂಜಿನ್ ಮತ್ತು ವಿದ್ಯುತ್ ಮೋಟರ್ ಎರಡೂ ಇರುವ ಕಾರು. ವಾಡಿ ಜಂಕ್ಷನ್ನಿನವರಿಗೆ ಇದರ ಒಂದು ಅರ್ಧ ಹೊಸತಲ್ಲ. ಈ ಮಾರ್ಗ ವಿದ್ಯುದೀಕರಣಗೊಳ್ಳುವ ಮುನ್ನ ರೈಲುಗಳನ್ನು ಎಳೆಯುತ್ತಿದ್ದ ಡೀಸೆಲ್ ಲೋಕೋಮೋಟಿವ್‌ನಲ್ಲಿ ಡೀಸೆಲ್ ಎಂಜಿನ್ ನೇರವಾಗಿ ಗಾಲಿ ತಿರುಗಿಸುತ್ತಿರಲಿಲ್ಲ. ಅದು ವಿದ್ಯುತ್ ಉತ್ಪಾದಿಸುತ್ತಿತ್ತು, ಗಾಲಿ ತಿರುಗಿಸುತ್ತಿದ್ದುದು ಮೋಟರ್. ಹೈಬ್ರಿಡ್ ಕಾರಿನಲ್ಲಿ ಇದರ ಜೊತೆಗೆ ಒಂದು ಬ್ಯಾಟರಿ ಸೇರಿದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿ ಆ ಬ್ಯಾಟರಿಯನ್ನು ತುಂಬುತ್ತದೆ. ಮತ್ತೆ ಹೊರಡುವಾಗ ಅದೇ ಶಕ್ತಿ ಕಾರನ್ನು ತಳ್ಳುತ್ತದೆ. ಟೊಯೊಟಾ ಕಂಪನಿಯ ಪ್ರಿಯಸ್ ಕಾರು 1997ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದು ಈ ಬಗೆಯನ್ನು ಜನಪ್ರಿಯಗೊಳಿಸಿತು. ಇಂದು ರಾಮನಗರ ಬಳಿಯ ಬಿಡದಿಯ ಕಾರ್ಖಾನೆಯಲ್ಲಿ ಇನ್ನೋವಾ ಹೈಕ್ರಾಸ್, ಕ್ಯಾಮ್ರಿಗಳಂತಹ ಹೈಬ್ರಿಡ್‌ಗಳು ತಯಾರಾಗುತ್ತಿವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಐಷಾರಾಮಿ ಕಾರುಗಳ ಜಾಹೀರಾತಿನಲ್ಲಿ ‘ಮೈಲ್ಡ್ ಹೈಬ್ರಿಡ್’ ಎಂಬ ಮಾತು ಹೆಚ್ಚಾಗಿ ಬರುತ್ತದೆ. ಅದರಲ್ಲಿರುವುದು ಸಾಮಾನ್ಯವಾಗಿ 48 ವೋಲ್ಟ್‌ನ ಚಿಕ್ಕ ಬ್ಯಾಟರಿ. ಎಂಜಿನ್ನಿಗೆ ಅದು ಕೈಹಿಡಿದು ನೆರವಾಗುತ್ತದೆಯೇ ಹೊರತು, ಎಂಜಿನ್ ನಿಂತಾಗ ತಾನೇ ಕಾರನ್ನು ಓಡಿಸಲಾರದು. ಅದು ಮೂಲತಃ ಪೆಟ್ರೋಲ್ ಅಥವಾ ಡೀಸೆಲ್ ಕಾರೇ. ಮೋಟರ್‌ನಿಂದಲೇ ಕೆಲದೂರ ಓಡಬಲ್ಲದ್ದು ‘ಸ್ಟ್ರಾಂಗ್ ಹೈಬ್ರಿಡ್’. ಮನೆಯ ಪ್ಲಗ್‌ನಿಂದ ಚಾರ್ಜ್ ಮಾಡಬಹುದಾದ ಮೂರನೆಯ ಬಗೆಯೂ ಇದೆ. ಭಾರತದಲ್ಲಿ ಅಂತಹ ಮಾದರಿಗಳು ಕೆಲವೇ ಇದ್ದು ಬೆಲೆಯೂ ಅತಿ ಹೆಚ್ಚು. ಷೋರೂಂನಲ್ಲಿ ಹೈಬ್ರಿಡ್ ಎಂದಾಗ ಯಾವ ಹೈಬ್ರಿಡ್ ಎಂದು ಕೇಳಲೇಬೇಕು.

ವಿದ್ಯುತ್ ಕಾರಿನಲ್ಲಿ ಎಂಜಿನ್ ಇಲ್ಲ, ಎಂಜಿನ್ ಆಯಿಲ್ ಇಲ್ಲ, ಹೊಗೆ ಕೊಳವೆಯೂ ಇಲ್ಲ. ಕರ್ನಾಟಕಕ್ಕೆ ಇದು ಅಪರಿಚಿತವೂ ಅಲ್ಲ. ಬೆಂಗಳೂರಿನ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿದದ್ದು 2001ರಲ್ಲಿ. ಇಂದಿನ ಐಷಾರಾಮಿ ವಿದ್ಯುತ್ ಕಾರುಗಳು ಅದರಿಂದ ಬಹುದೂರ ಸಾಗಿವೆ. 2022ರಲ್ಲಿ ಪುಣೆ ಬಳಿಯ ಚಾಕಣದಲ್ಲಿ ಜೋಡಣೆಗೊಂಡು ಬಂದ ಮರ್ಸಿಡಿಸ್ ಇಕ್ಯೂಎಸ್ 580 ಕಾರಿಗೆ ಒಂದು ಚಾರ್ಜಿಗೆ 857 ಕಿ.ಮೀ. ಎಂಬ ಪ್ರಮಾಣಿತ ಅಂಕಿ ದೊರೆಯಿತು. 2025ರ ಜನವರಿಯಲ್ಲಿ 49 ಲಕ್ಷ ರೂಪಾಯಿಗೆ ಬಿಡುಗಡೆಯಾದ ಬಿಎಂಡಬ್ಲ್ಯು ಐಎಕ್ಸ್1ನ ಉದ್ದನೆಯ ಮಾದರಿಗೆ 531 ಕಿ.ಮೀ. ಎಂದು ಹೇಳಲಾಯಿತು. ಅತ್ತ ಬೆಂಗಳೂರು ಬಳಿಯ ಹೊಸಕೋಟೆಯಲ್ಲಿ ಕಾರುಗಳನ್ನು ಜೋಡಿಸುವ ವೋಲ್ವೊ, 2024ರ ಆರಂಭದಲ್ಲಿ ಜಗತ್ತಿನಾದ್ಯಂತ ಡೀಸೆಲ್ ಕಾರುಗಳ ತಯಾರಿಕೆಯನ್ನೇ ನಿಲ್ಲಿಸಿತು.

ತೆರಿಗೆಯ ಅಂತರ

ಕಾರಿನ ಬೆಲೆಯಲ್ಲಿ ತೆರಿಗೆಯ ಪಾಲು ಎಷ್ಟೆಂದು ನೋಡದೆ ಎಂಜಿನ್ ಆರಿಸುವುದು ಸಾಧ್ಯವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಂತೆ ದೊಡ್ಡ ಪೆಟ್ರೋಲ್, ಡೀಸೆಲ್ ಮತ್ತು ಹೈಬ್ರಿಡ್ ಕಾರುಗಳಿಗೆಲ್ಲ ಶೇ 40ರ ತೆರಿಗೆ. ವಿದ್ಯುತ್ ಕಾರುಗಳಿಗೆ ಶೇ 5 ಮಾತ್ರ. ದೊಡ್ಡ ಕಾರುಗಳ ವರ್ಗದಲ್ಲಿ ಹೈಬ್ರಿಡ್‌ಗೆ ಪ್ರತ್ಯೇಕ ರಿಯಾಯಿತಿ ಇಲ್ಲ ಎಂಬುದನ್ನು ಗಮನಿಸಬೇಕು.

ಇದರ ಮೇಲೆ ರಾಜ್ಯದ ಆಜೀವ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಇದು ಶೇ 18, ಸೆಸ್ ಬೇರೆ. ವಿದ್ಯುತ್ ವಾಹನಗಳಿಗೆ 2016ರಿಂದ ರಾಜ್ಯದಲ್ಲಿ ಈ ತೆರಿಗೆಯಿಂದ ವಿನಾಯಿತಿ ದೊರೆತಿತ್ತು. 2024ರ ತಿದ್ದುಪಡಿಯಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರ ಆಜೀವ ತೆರಿಗೆ ವಿಧಿಸಲಾಯಿತು. ಐಷಾರಾಮಿ ಕಾರುಗಳೆಲ್ಲ ಈ ವ್ಯಾಪ್ತಿಗೇ ಬರುತ್ತವೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ತೆರಿಗೆಗೆ ಮುನ್ನ 40 ಲಕ್ಷ ರೂಪಾಯಿ ಬೆಲೆಯ ಡೀಸೆಲ್ ಕಾರು ಜಿಎಸ್‌ಟಿ ಸೇರಿ 56 ಲಕ್ಷವಾಗುತ್ತದೆ. ಆಜೀವ ತೆರಿಗೆ ಸೇರಿ 66 ಲಕ್ಷ ದಾಟುತ್ತದೆ. ಅದೇ 40 ಲಕ್ಷದ ವಿದ್ಯುತ್ ಕಾರು ಜಿಎಸ್‌ಟಿ ಸೇರಿ 42 ಲಕ್ಷ, ಆಜೀವ ತೆರಿಗೆ ಸೇರಿ 46 ಲಕ್ಷ 20 ಸಾವಿರ. ಬ್ಯಾಟರಿಯ ಕಾರಣದಿಂದ ವಿದ್ಯುತ್ ಕಾರಿನ ಮೂಲ ಬೆಲೆಯೇ ಹೆಚ್ಚಿರುವುದು ನಿಜ. ಅದನ್ನು 50 ಲಕ್ಷ ಎಂದು ಹಿಡಿದರೂ ಒಟ್ಟು ಮೊತ್ತ 57 ಲಕ್ಷ 75 ಸಾವಿರಕ್ಕೆ ನಿಲ್ಲುತ್ತದೆ. ಸಾಮಾನ್ಯ ಕಾರುಗಳಲ್ಲಿ ವಿದ್ಯುತ್ ಮಾದರಿ ದುಬಾರಿ ಎಂಬ ಅನುಭವ ಐಷಾರಾಮಿ ವರ್ಗದಲ್ಲಿ ಅನೇಕ ವೇಳೆ ತಲೆಕೆಳಗಾಗುವುದು ಇದರಿಂದಲೇ.

ಗಡಿಯಾಚೆಯ ಆಮಿಷ

ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳು ತೆಲಂಗಾಣದ ಗಡಿಗೆ ಹೊಂದಿಕೊಂಡಿವೆ. ತಾಂಡೂರು, ಜಹೀರಾಬಾದ್‌ಗಳೊಂದಿಗೆ ಇಲ್ಲಿನವರ ವ್ಯಾಪಾರ ಮತ್ತು ಬಂಧುತ್ವ ಹಳೆಯದು. ತೆಲಂಗಾಣ ಸರ್ಕಾರ 2024ರ ನವೆಂಬರ್‌ನಲ್ಲಿ ಅಲ್ಲಿ ನೋಂದಣಿಯಾಗುವ ವಿದ್ಯುತ್ ವಾಹನಗಳಿಗೆ 2026ರ ಅಂತ್ಯದವರೆಗೆ ರಸ್ತೆ ತೆರಿಗೆ ಮತ್ತು ನೋಂದಣಿ ಶುಲ್ಕದಿಂದ ಪೂರ್ಣ ವಿನಾಯಿತಿ ಘೋಷಿಸಿತು. ಹೀಗಿರುವಾಗ ಬಂಧುವಿನ ವಿಳಾಸದಲ್ಲಿ ಹೈದರಾಬಾದಿನಲ್ಲೇ ಕಾರು ನೋಂದಾಯಿಸಿದರೆ ನಾಲ್ಕೈದು ಲಕ್ಷ ಉಳಿಯುತ್ತದಲ್ಲ ಎಂಬ ಯೋಚನೆ ಬರುವುದು ಸಹಜ.

ಆದರೆ ಮೋಟಾರು ವಾಹನ ಕಾಯ್ದೆಯ 40ನೇ ಕಲಮು, ಮಾಲೀಕ ವಾಸಿಸುವ ಅಥವಾ ವ್ಯವಹಾರ ನಡೆಸುವ ಹಾಗೂ ವಾಹನ ಸಾಮಾನ್ಯವಾಗಿ ಇರುವ ಸ್ಥಳದ ಆಧಾರದ ಮೇಲೆ ನೋಂದಣಿ ಆಗಬೇಕೆನ್ನುತ್ತದೆ. 47ನೇ ಕಲಮಿನಂತೆ ಬೇರೆ ರಾಜ್ಯದ ವಾಹನ 12 ತಿಂಗಳು ಮೀರಿ ಇಲ್ಲಿ ಉಳಿದರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಹೊರರಾಜ್ಯಗಳಲ್ಲಿ ನೋಂದಾಯಿಸಿ ಕರ್ನಾಟಕದಲ್ಲಿ ಓಡಿಸುತ್ತಿದ್ದ ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ 2025ರಲ್ಲಿ ಬೆಂಗಳೂರಿನಲ್ಲಿ ಸಾಲುಸಾಲಾಗಿ ಹಿಡಿದು ತೆರಿಗೆ, ದಂಡ ವಸೂಲು ಮಾಡಿದ್ದು ಸುದ್ದಿಯಾಗಿತ್ತು. ಸುಳ್ಳು ವಿಳಾಸದ ಕಾರಿಗೆ ಅಪಘಾತವಾದಾಗ ವಿಮೆಯ ವಿಚಾರದಲ್ಲೂ ತಕರಾರು ಏಳಬಹುದು. ಉಳಿಸಿದ ಹಣದ ಲೆಕ್ಕ ಹಾಕುವವರು ಈ ಅಪಾಯದ ಲೆಕ್ಕವನ್ನೂ ಹಾಕಬೇಕು.

ಓಟದ ಖರ್ಚು

ಪೆಟ್ರೋಲ್ ಲೀಟರಿಗೆ 105 ರೂಪಾಯಿ, ಡೀಸೆಲ್ 93 ರೂಪಾಯಿ, ಮನೆಯ ವಿದ್ಯುತ್ ಯೂನಿಟ್‌ಗೆ 8 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯಬಹುದು. ದರ ಬದಲಾದಾಗ ಓದುಗರು ತಮ್ಮ ಊರಿನ ದರವನ್ನೇ ಹಾಕಿ ನೋಡಿಕೊಳ್ಳಬಹುದು. ದೊಡ್ಡ ಕಾರು ನಿಜವಾದ ರಸ್ತೆಯಲ್ಲಿ ಲೀಟರಿಗೆ ಪೆಟ್ರೋಲ್‌ನಲ್ಲಿ 9, ಡೀಸೆಲ್‌ನಲ್ಲಿ 13, ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ 16 ಕಿ.ಮೀ. ಓಡುತ್ತದೆ ಎಂದೂ, ವಿದ್ಯುತ್ ಕಾರಿಗೆ ನೂರು ಕಿ.ಮೀ.ಗೆ ಚಾರ್ಜಿಂಗ್ ನಷ್ಟ ಸೇರಿ 20 ಯೂನಿಟ್ ಬೇಕೆಂದೂ ಇಟ್ಟುಕೊಳ್ಳಬಹುದು.

ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಪೆಟ್ರೋಲ್ ಕಾರಿನ ಇಂಧನ ವೆಚ್ಚ ಸುಮಾರು 17,500 ರೂಪಾಯಿ, ಡೀಸೆಲ್‌ಗೆ 10,700, ಹೈಬ್ರಿಡ್‌ಗೆ 9,800, ಮನೆಯಲ್ಲೇ ಚಾರ್ಜ್ ಮಾಡುವ ವಿದ್ಯುತ್ ಕಾರಿಗೆ 2,400. ಸಾರ್ವಜನಿಕ ವೇಗದ ಚಾರ್ಜರ್‌ನಲ್ಲಿ ಯೂನಿಟ್‌ಗೆ 22 ರೂಪಾಯಿ ಕೊಟ್ಟರೂ 6,600 ರೂಪಾಯಿ ಆಗುತ್ತದೆ.

ತಿಂಗಳಿಗೆ 500 ಕಿ.ಮೀ. ಮಾತ್ರ ಓಡಿಸುವವರ ಲೆಕ್ಕ ಬೇರೆ. ಅಲ್ಲಿ ಪೆಟ್ರೋಲ್‌ಗೂ ಡೀಸೆಲ್‌ಗೂ ಇರುವ ಅಂತರ ತಿಂಗಳಿಗೆ 2,250 ರೂಪಾಯಿ, ವರ್ಷಕ್ಕೆ 27 ಸಾವಿರ. ಡೀಸೆಲ್ ಮಾದರಿಗೆ ಎರಡು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಮರಳಿ ಬರಲು ಏಳು ವರ್ಷಕ್ಕೂ ಹೆಚ್ಚು ಕಾಲ ಬೇಕು. 1,500 ಕಿ.ಮೀ. ಓಡಿಸುವವರಿಗೆ ಅದೇ ಹಣ ಎರಡೂವರೆ ವರ್ಷದಲ್ಲಿ ಮರಳುತ್ತದೆ. ಹೀಗಾಗಿ ಎಂಜಿನ್ ಆಯ್ಕೆಯ ಮೊದಲ ಪ್ರಶ್ನೆ ಕಾರಿನ ಗಾತ್ರವಲ್ಲ, ತಿಂಗಳ ಓಟ.

ಈ ಸೀಮೆಯ ರಸ್ತೆ, ಧೂಳು ಮತ್ತು ಬಿಸಿಲು

ಶಹಾಬಾದಿನಿಂದ ವಾಡಿ, ಚಿತ್ತಾಪುರ, ಸೇಡಂ ಮಾರ್ಗವಾಗಿ ಚಿಂಚೋಳಿ ತಲುಪಲು ನೂರು ಕಿ.ಮೀ.ಗಿಂತ ತುಸು ಹೆಚ್ಚು. ಊರಿಂದ ಊರಿಗೆ ಇರುವ ದೂರ ಚಿಕ್ಕದು. ಶಹಾಬಾದ್-ವಾಡಿ, ವಾಡಿ-ಚಿತ್ತಾಪುರಗಳ ನಡುವಣ ಓಟವಂತೂ ಅರ್ಧ ಗಂಟೆಯದು. ಅದರಲ್ಲೂ ಲಾರಿಗಳ ಹಿಂದೆ ನಿಧಾನವಾಗಿ ಸಾಗುವುದು, ರೈಲ್ವೆ ಗೇಟ್ ಬಳಿ ನಿಲ್ಲುವುದು ಇದ್ದದ್ದೇ.

ಆಧುನಿಕ ಡೀಸೆಲ್ ಕಾರಿಗೆ ಇಂತಹ ಓಟ ಹಿತವಲ್ಲ. ಮಸಿ ಫಿಲ್ಟರ್ ತುಂಬಿದಾಗ ಅದನ್ನು ಸುಟ್ಟು ಶುದ್ಧಗೊಳಿಸಲು ಎಂಜಿನ್ ಹದಿನೈದು-ಇಪ್ಪತ್ತು ನಿಮಿಷ ಸಮವೇಗದಲ್ಲಿ, ಸಾಕಷ್ಟು ಬಿಸಿಯಾಗಿ ಓಡಬೇಕು. ದಿನವೂ ಹತ್ತು-ಹನ್ನೆರಡು ಕಿ.ಮೀ. ಓಡಿ ನಿಲ್ಲುವ ಕಾರಿನಲ್ಲಿ ಆ ಅವಕಾಶ ದೊರೆಯದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಬೆಳಗುತ್ತದೆ. ಐಷಾರಾಮಿ ಕಾರಿನಲ್ಲಿ ಈ ಭಾಗದ ಬದಲಾವಣೆ ಲಕ್ಷದ ಮಾತು. ಗಣಿಯ ಟಿಪ್ಪರ್ ದಿನವಿಡೀ ಭಾರ ಹೊತ್ತು ದುಡಿಯುವುದರಿಂದ ಅದಕ್ಕೆ ಡೀಸೆಲ್ ಒಗ್ಗುತ್ತದೆ. ಮಾಲೀಕನ ಕಾರು ಮನೆಯಿಂದ ಕಚೇರಿಗೆ ಹೋಗಿ ನಿಲ್ಲುತ್ತದೆ. ಎರಡಕ್ಕೂ ಒಂದೇ ಇಂಧನ ಎಂಬ ವಾದ ಇಲ್ಲಿಯೇ ಸೋಲುತ್ತದೆ.

ನಿಂತು ನಿಂತು ಸಾಗುವ ಇದೇ ಓಟ ಹೈಬ್ರಿಡ್‌ಗೆ ಮತ್ತು ವಿದ್ಯುತ್ ಕಾರಿಗೆ ಅನುಕೂಲ. ಗೇಟ್ ಬಳಿ ನಿಂತಾಗ ಎಂಜಿನ್ ಉರಿಯುವುದಿಲ್ಲ; ಬ್ರೇಕ್ ಹಾಕಿದಷ್ಟೂ ಸಲ ಸ್ವಲ್ಪ ಶಕ್ತಿ ಮರಳುತ್ತದೆ. ಹೆದ್ದಾರಿಯ ಸಮವೇಗದ ಓಟದಲ್ಲಿ ಹೈಬ್ರಿಡ್‌ನ ಈ ಲಾಭ ಕುಗ್ಗುತ್ತದೆ ಎಂಬುದೂ ನಿಜ.

ಧೂಳಿನ ವಿಚಾರದಲ್ಲಿ ಯಾವ ಕಾರಿಗೂ ವಿನಾಯಿತಿ ಇಲ್ಲ. ಸಿಮೆಂಟ್ ಕಾರ್ಖಾನೆ, ಗಣಿಗಳ ಸುತ್ತ ಓಡುವ ಪೆಟ್ರೋಲ್, ಡೀಸೆಲ್ ಕಾರಿನ ಗಾಳಿ ಫಿಲ್ಟರನ್ನು ಕಂಪನಿ ಹೇಳಿದ ಅವಧಿಗಿಂತ ಮೊದಲೇ ಪರೀಕ್ಷಿಸಬೇಕು. ಕೆಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿ ತಂಪಾಗಿಸುವ ಗಾಳಿಯ ಕಿಂಡಿ ಹಿಂಬದಿಯ ಸೀಟಿನ ಬಳಿ ಇರುತ್ತದೆ. ಅದರ ಜಾಲರಿಯಲ್ಲಿ ಧೂಳು ತುಂಬಿದರೆ ಬ್ಯಾಟರಿ ಬಿಸಿಯೇರುತ್ತದೆ. ವಿದ್ಯುತ್ ಕಾರಿನ ಮುಂಭಾಗದ ರೇಡಿಯೇಟರನ್ನೂ ಆಗಾಗ್ಗೆ ಶುಚಿಗೊಳಿಸಬೇಕು.

ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಬ್ಯಾಟರಿ ಬಾಳುವುದೇ ಎಂಬ ಸಂಶಯ ಸಹಜವಾದದ್ದು. ಐಷಾರಾಮಿ ವಿದ್ಯುತ್ ಕಾರುಗಳ ಬ್ಯಾಟರಿಯನ್ನು ದ್ರವ ಹರಿಸಿ ತಂಪಾಗಿಡುವ ವ್ಯವಸ್ಥೆ ಇರುತ್ತದೆ. ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿ.ಮೀ.ಗಳ ಖಾತರಿಯೂ ಇರುತ್ತದೆ. ಆದರೂ ಬಿಸಿಲಲ್ಲಿ ಪೂರ್ತಿ ತುಂಬಿದ ಬ್ಯಾಟರಿಯೊಂದಿಗೆ ದಿನಗಟ್ಟಲೆ ನಿಲ್ಲಿಸುವುದು ಹಾನಿಕರ. ನಿಕ್ಕಲ್ ಆಧಾರಿತ ಬ್ಯಾಟರಿಯನ್ನು ದಿನನಿತ್ಯದ ಬಳಕೆಗೆ ಶೇ 80ರವರೆಗೆ ತುಂಬಿಸಿ, ದೂರದ ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸುವುದು ವಾಡಿಕೆ. ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ಈ ವಿಷಯದಲ್ಲಿ ಹೆಚ್ಚು ಸಹಿಷ್ಣು. ಕಾರು ನಿಲ್ಲಿಸಲು ನೆರಳು ಬೇಕೇ ಬೇಕು.

ಪ್ರಮಾಣಿತ ಕಿ.ಮೀ. ಅಂಕಿಗಳನ್ನು ಇದ್ದಂತೆಯೇ ನಂಬಬಾರದು. ಏ.ಸಿ. ಮತ್ತು ಹೆದ್ದಾರಿ ವೇಗ ಸೇರಿದಾಗ ಆ ಅಂಕಿಯ ಶೇ 70ನ್ನು ಲೆಕ್ಕಕ್ಕೆ ಹಿಡಿಯುವುದು ಸುರಕ್ಷಿತ. 531 ಕಿ.ಮೀ. ಎಂದರೆ ಸುಮಾರು 370. ಶಹಾಬಾದಿನಿಂದ ಚಿಂಚೋಳಿಗೆ ಹೋಗಿ ಬರಲು ಇದು ಧಾರಾಳ. ಸೇಡಂನಿಂದ ತಾಂಡೂರು ಮಾರ್ಗವಾಗಿ ಹೈದರಾಬಾದಿಗೆ ಹೋಗಿ ಬರುವ ಮುನ್ನೂರು ಚಿಲ್ಲರೆ ಕಿ.ಮೀ.ಗೆ ಅದು ಸಾಕಾಗುವುದಾದರೂ ಅಂಚಿಗೆ ಬರುತ್ತದೆ. ಹೈದರಾಬಾದಿನಲ್ಲಿ ಅರ್ಧ ಗಂಟೆ ಚಾರ್ಜ್ ಮಾಡಿಕೊಂಡು ಹೊರಡುವುದು ಮೇಲು. ಸುಮಾರು 600 ಕಿ.ಮೀ. ದೂರದ ಬೆಂಗಳೂರಿಗೆ ಒಂದೆರಡು ಕಡೆ ನಿಲ್ಲಲೇಬೇಕು.

ಮನೆಯ ಮೀಟರ್, ಅರ್ಥಿಂಗ್ ಮತ್ತು ಮಳೆಗಾಲ

ವಿದ್ಯುತ್ ಕಾರು ಕೊಳ್ಳುವವರು ಷೋರೂಂಗೆ ಹೋಗುವ ಮುನ್ನ ಎಲೆಕ್ಟ್ರಿಷಿಯನ್‌ನನ್ನು ಮನೆಗೆ ಕರೆಸುವುದು ಲೇಸು. ಸಾಮಾನ್ಯ 15 ಆಂಪಿಯರ್ ಪ್ಲಗ್‌ನಲ್ಲಿ 66 ಯೂನಿಟ್‌ಗಳ ಬ್ಯಾಟರಿ ತುಂಬಲು ಇಪ್ಪತ್ತು ಗಂಟೆ ಮೀರುತ್ತದೆ. 7.4 ಕಿಲೋವ್ಯಾಟ್‌ನ ಗೋಡೆ ಚಾರ್ಜರ್‌ನಲ್ಲಿ ಒಂದು ರಾತ್ರಿ ಸಾಕು. ತ್ರಿಫೇಸ್ ಸಂಪರ್ಕವಿದ್ದು 11 ಕಿಲೋವ್ಯಾಟ್ ಚಾರ್ಜರ್ ಹಾಕಿದರೆ ಆರೇಳು ಗಂಟೆ. ಇದಕ್ಕೆ ಜೆಸ್ಕಾಂನಲ್ಲಿ ಮಂಜೂರಾದ ವಿದ್ಯುತ್ ಭಾರವನ್ನು ಹೆಚ್ಚಿಸಿಕೊಳ್ಳಬೇಕು.

ಈ ಭಾಗಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ಶಹಾಬಾದ್, ವಾಡಿ, ಸೇಡಂ ಸುತ್ತಮುತ್ತ ಮಣ್ಣಿನ ಪದರ ತೆಳುವಾಗಿದ್ದು ಕೆಲವೇ ಅಡಿಗಳ ಕೆಳಗೆ ಕಲ್ಲಿನ ಹಾಸು ಸಿಗುವ ಜಾಗಗಳು ಬಹಳ. ಒಣ ಕಲ್ಲಿನಲ್ಲಿ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಅರ್ಥಿಂಗ್ ದುರ್ಬಲವಾಗಿದ್ದರೆ ಅನೇಕ ಚಾರ್ಜರ್‌ಗಳು ಕೆಂಪು ದೀಪ ತೋರಿಸಿ ಕೆಲಸವನ್ನೇ ನಿಲ್ಲಿಸುತ್ತವೆ. ಅದು ಕಾರಿನ ದೋಷವಲ್ಲ, ಸುರಕ್ಷತೆಯ ಕ್ರಮ. ಕಲ್ಲಿನ ನೆಲದಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಿಂಗ್ ಗುಂಡಿಗಳನ್ನು ತೋಡಿ, ತೇವ ಹಿಡಿಯುವ ವಸ್ತು ತುಂಬಿ, ಮಾಪಕದಿಂದ ಅಳೆಯಿಸಿಕೊಳ್ಳಬೇಕು. ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿಕೊಳ್ಳುವವರಿಗೆ ಇನ್ನೊಂದು ಅನುಕೂಲವಿದೆ: 3 ಕಿಲೋವ್ಯಾಟ್ ಫಲಕ ಬಿಸಿಲಿನ ದಿನದಲ್ಲಿ ಸುಮಾರು 12 ಯೂನಿಟ್ ಕೊಡುತ್ತದೆ. ಅದು 60 ಕಿ.ಮೀ. ಓಟಕ್ಕೆ ಸಮ.

ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿದಾಗ ಮಳಖೇಡ, ದಂಡೋತಿ ಸೇತುವೆಗಳ ಮೇಲೆ ನೀರು ಹರಿದು ಸಂಚಾರ ನಿಲ್ಲುವುದು ಇಲ್ಲಿ ಎಲ್ಲರೂ ಬಲ್ಲ ಸಂಗತಿ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿನ ಗಾಳಿ ಕೊಳವೆಗೆ ನೀರು ನುಗ್ಗಿದರೆ ಎಂಜಿನ್ ಒಡೆದೇ ಹೋಗಬಹುದು. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಪರಿಹಾರ ದೊರೆಯುವುದು ಕಷ್ಟ. ವಿದ್ಯುತ್ ಕಾರಿನ ಬ್ಯಾಟರಿ ಪೆಟ್ಟಿಗೆಗೆ ನೀರು ಒಳಬಾರದಂತೆ ಮುದ್ರೆ ಹಾಕಿರುತ್ತಾರಾದರೂ, ಹರಿಯುವ ನೀರು ಯಾವ ಕಾರನ್ನಾದರೂ ಕೊಚ್ಚಿಕೊಂಡು ಹೋಗುತ್ತದೆ. ಮುಳುಗಿದ ಸೇತುವೆಯನ್ನು ಯಾವ ಎಂಜಿನ್ನಿನ ಬಲದಿಂದಲೂ ದಾಟುವ ಸಾಹಸ ಸಲ್ಲದು.

ದುರಸ್ತಿ ಮತ್ತು ಮರುಮಾರಾಟ

ಜರ್ಮನ್ ಹಾಗೂ ಸ್ವೀಡಿಷ್ ಐಷಾರಾಮಿ ಕಾರುಗಳ ಅಧಿಕೃತ ಸೇವಾ ಕೇಂದ್ರ ಈ ಐದು ಪಟ್ಟಣಗಳಲ್ಲಿ ಒಂದರಲ್ಲೂ ಇಲ್ಲ. ಇಲ್ಲಿನವರಿಗೆ ಹತ್ತಿರದ ದೊಡ್ಡ ಆಸರೆ ಹೈದರಾಬಾದ್. ಕೆಟ್ಟ ಕಾರನ್ನು ಲಾರಿಯ ಮೇಲೆ ಹೇರಿ ಸಾಗಿಸುವ ಖರ್ಚು ಮತ್ತು ವಾರಗಟ್ಟಲೆ ಕಾಯುವ ಕಷ್ಟ ಎಂಜಿನ್ ಆಯ್ಕೆಯ ಭಾಗವೇ ಆಗಿವೆ. ಚಲಿಸುವ ಬಿಡಿಭಾಗಗಳು ಕಡಿಮೆ ಇರುವ ವಿದ್ಯುತ್ ಕಾರಿಗೆ ನಿಯಮಿತ ಸರ್ವೀಸ್ ಕಡಿಮೆ. ಆದರೆ ಅದು ಕೆಟ್ಟರೆ ಊರಿನ ಮೆಕ್ಯಾನಿಕ್ ಮುಟ್ಟುವಂತಿಲ್ಲ. ಬಿಎಸ್-6 ಡೀಸೆಲ್ ಕಾರಿನ ಸ್ಥಿತಿಯೂ ಈಗ ಬಹುತೇಕ ಅದೇ ಎಂಬುದನ್ನು ಮರೆಯಬಾರದು.

ಮರುಮಾರಾಟದಲ್ಲಿ ಡೀಸೆಲ್‌ಗೆ ನೀತಿಯ ಅಪಾಯವಿದೆ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ವಲಯದಲ್ಲಿ 2,000 ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ತಡೆಯಿತು. ಬೆಲೆಯ ಶೇ 1ರಷ್ಟು ಪರಿಸರ ಶುಲ್ಕದ ಷರತ್ತಿನೊಂದಿಗೆ 2016ರ ಆಗಸ್ಟ್‌ನಲ್ಲಿ ಆ ತಡೆ ತೆರವಾಯಿತು. ಕರ್ನಾಟಕದಲ್ಲಿ ಅಂತಹ ನಿರ್ಬಂಧ ಇಲ್ಲದಿದ್ದರೂ ಹಳೆಯ ದೊಡ್ಡ ಡೀಸೆಲ್ ಕಾರುಗಳ ಮಾರುಕಟ್ಟೆ ದೇಶವ್ಯಾಪಿಯಾದುದರಿಂದ ಪರಿಣಾಮ ಇಲ್ಲಿಗೂ ತಟ್ಟುತ್ತದೆ. ವಿದ್ಯುತ್ ಕಾರಿನ ಅಪಾಯ ಬೇರೆ ಬಗೆಯದು. ಹೊಸ ಬ್ಯಾಟರಿಗಳು ಬಂದಂತೆ ಹಳೆಯ ಮಾದರಿಯ ಬೆಲೆ ಬೇಗ ಇಳಿಯುತ್ತದೆ. ಮೂರೇ ವರ್ಷಕ್ಕೆ ಕಾರು ಬದಲಿಸುವ ಅಭ್ಯಾಸವುಳ್ಳವರಿಗೆ ಅದು ನಷ್ಟ. ಎಂಟು ವರ್ಷ ಇಟ್ಟುಕೊಳ್ಳುವವರಿಗೆ ಇಂಧನದ ಉಳಿತಾಯ ಆ ನಷ್ಟವನ್ನು ತುಂಬುತ್ತದೆ.

ಯಾರಿಗೆ ಯಾವುದು?

ಸ್ವಂತ ಮನೆ, ನೆರಳಿನ ಪಾರ್ಕಿಂಗ್, ಸರಿಯಾದ ಅರ್ಥಿಂಗ್ ಇದ್ದು, ಐದು ಪಟ್ಟಣಗಳ ಮತ್ತು ಕಲಬುರಗಿಯ ನಡುವೆಯೇ ದಿನವೂ ಓಡಾಡುವವರಿಗೆ ವಿದ್ಯುತ್ ಕಾರು ಇಂದು ಅತ್ಯಂತ ಲಾಭದಾಯಕ. ಮನೆಯಲ್ಲಿ ದೂರದ ಪ್ರಯಾಣಕ್ಕೆ ಇನ್ನೊಂದು ಕಾರು ಇದ್ದರಂತೂ ಯೋಚಿಸಬೇಕಾದ್ದೇ ಇಲ್ಲ.

ಬಾಡಿಗೆ ಮನೆಯಲ್ಲಿರುವವರು, ತಿಂಗಳಿಗೆರಡು ಸಲ ಬೆಂಗಳೂರಿಗೋ ಪುಣೆಗೋ ಹೋಗಬೇಕಾದವರು ಮತ್ತು ಒಂದೇ ಕಾರಿನಲ್ಲಿ ಎಲ್ಲ ಕೆಲಸವೂ ಆಗಬೇಕೆನ್ನುವವರು ಸ್ಟ್ರಾಂಗ್ ಹೈಬ್ರಿಡ್ ನೋಡುವುದು ಸೂಕ್ತ. ಊರೊಳಗಿನ ಓಟದಲ್ಲಿ ಅದು ಇಂಧನ ಉಳಿಸುತ್ತದೆ. ದೂರದ ಹಾದಿಯಲ್ಲಿ ಚಾರ್ಜರ್ ಹುಡುಕುವ ಗೋಜಿಲ್ಲ.

ತಿಂಗಳಿಗೆ 2,000 ಕಿ.ಮೀ. ಮೀರಿ, ಅದರಲ್ಲೂ ಹೆಚ್ಚಿನದನ್ನು ಹೆದ್ದಾರಿಯಲ್ಲಿ, ಏಳು ಜನ ಮತ್ತು ಸಾಮಾನಿನೊಂದಿಗೆ ಓಡಿಸುವವರಿಗೆ ಹಾಗೂ ಮಳೆಗಾಲದಲ್ಲೂ ಎರೆಭೂಮಿಯ ಹಾದಿಯಲ್ಲಿ ಗಣಿ, ಹೊಲಗಳಿಗೆ ಹೋಗಲೇಬೇಕಾದವರಿಗೆ ನಾಲ್ಕೂ ಗಾಲಿಗಳಿಗೆ ಬಲವಿರುವ ಡೀಸೆಲ್ ಕಾರು ಇಂದಿಗೂ ಸಮರ್ಥನೀಯ. ತಿಂಗಳಿಗೆ ಐನೂರು ಕಿ.ಮೀ. ಕೂಡ ಓಡದ ಕಾರಿಗೆ ಮಾತ್ರ ಪೆಟ್ರೋಲ್ ಸಾಕು. ಮದುವೆ, ಜಾತ್ರೆ, ಆಸ್ಪತ್ರೆಗೆಂದು ಹೊರಬರುವ ಕಾರು ಅದು.

ಕೊಳ್ಳುವ ಮುನ್ನ ಒಂದು ಸುಲಭದ ಕೆಲಸವಿದೆ. ಈಗಿರುವ ಕಾರಿನ ಮೀಟರ್ ಅಂಕಿಯನ್ನು ತಿಂಗಳ ಮೊದಲ ದಿನ ಮತ್ತು ಕೊನೆಯ ದಿನ ಬರೆದಿಟ್ಟುಕೊಂಡು, ಅದರಲ್ಲಿ ನೂರು ಕಿ.ಮೀ. ಮೀರಿದ ಪ್ರಯಾಣ ಎಷ್ಟು ಸಲ ಎಂದು ಗುರುತು ಹಾಕುವುದು. ಮೂರು ತಿಂಗಳ ಇಂತಹ ಚೀಟಿಯನ್ನು ಕೈಯಲ್ಲಿ ಹಿಡಿದು ಷೋರೂಂಗೆ ಹೋದವರನ್ನು ಮಾರಾಟಗಾರರ ಮಾತು ದಾರಿ ತಪ್ಪಿಸಲಾರದು. ಅಡತಿಯಲ್ಲಿ ತೊಗರಿಯ ತೂಕವನ್ನು ಎರಡು ಸಲ ನೋಡುವ ಈ ನೆಲದ ವ್ಯಾಪಾರಿಗಳಿಗೆ ಅರವತ್ತು ಲಕ್ಷದ ಖರೀದಿಯಲ್ಲಿ ಒಮ್ಮೆಯಾದರೂ ತಕ್ಕಡಿ ಹಿಡಿಯುವುದು ಕಷ್ಟವಾಗಲಾರದು.